ಆಲೂಗಡ್ಡೆ ಮಿಕ್ಸಿಗೆ ಹೋಗಬಾರದು: ಕೆನೆಸೂಪಿನ ಒಲೆಯ ಮುಂದೆ ಕಲಿತದ್ದು

ಎಳ್ಳ ಅಮಾವಾಸ್ಯೆ ಹತ್ತಿರ ಬಂದಂತೆ ಕಲಬುರಗಿಯಲ್ಲಿ ಸಂಜೆಯ ಚಳಿ ಬಲಿಯುತ್ತದೆ. ಹೋಟೆಲ್ ಅಡುಗೆಮನೆಗಳಲ್ಲಿ ಸೂಪಿನ ಪಾತ್ರೆ ಒಲೆಯಿಂದ ಇಳಿಯುವುದೇ ಇಲ್ಲ. ಟೊಮ್ಯಾಟೊ ಸೂಪ್ ಯಾರು ಮಾಡಿದರೂ ಒಂದು ಮಟ್ಟಕ್ಕೆ ಬಂದೇ ಬರುತ್ತದೆ. ಉಳ್ಳಾಗಡ್ಡಿ ಮತ್ತು ಆಲೂಗಡ್ಡೆಯ ಕೆನೆಸೂಪ್ ಹಾಗಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಯಲ್ಲಿ ಅದು ಒಂದೋ ಗೋಂದಿನ ಹಾಗೆ ಎಳೆ ಬಿಡುತ್ತದೆ, ಇಲ್ಲವೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ, ಇನ್ನೊಂದಿಷ್ಟು ಕ್ರೀಮ್ ಸುರಿಯುವುದು. ಅದರಿಂದ ಖರ್ಚು ಏರುತ್ತದೆ, ಸೂಪು ಸುಧಾರಿಸುವುದಿಲ್ಲ. ಈ ಸೂಪಿನ ನುಣುಪು ಬರುವುದು ಉಳ್ಳಾಗಡ್ಡಿಯಿಂದ, ಮೈ ಬರುವುದು ಆಲೂಗಡ್ಡೆಯಿಂದ. ಈ ಎರಡನ್ನೂ ಬೇರೆ ಬೇರೆ ರೀತಿ ನಡೆಸಿಕೊಳ್ಳಬೇಕು.

ಮನೆಯಲ್ಲಿ ನಾಲ್ಕು ದೊಡ್ಡ ಬಟ್ಟಲಿಗೆ ಅಳತೆ ಹೀಗಿದೆ. ಸಿಪ್ಪೆ ತೆಗೆದ ಉಳ್ಳಾಗಡ್ಡಿ 400 ಗ್ರಾಂ, ಸಿಪ್ಪೆ ತೆಗೆದ ಆಲೂಗಡ್ಡೆ 300 ಗ್ರಾಂ, ಉಪ್ಪಿಲ್ಲದ ಬೆಣ್ಣೆ 40 ಗ್ರಾಂ, ಬಳ್ಳೊಳ್ಳಿ 3 ಎಸಳು, ನೀರು 700 ಮಿ.ಲೀ., ಕಾಯಿಸಿದ ಗಟ್ಟಿ ಹಾಲು 150 ಮಿ.ಲೀ., ತಾಜಾ ಕ್ರೀಮ್ 60 ಮಿ.ಲೀ., ಒಂದು ಪಲಾವ್ ಎಲೆ, ಪುಡಿ ಉಪ್ಪು ಚಹಾ ಚಮಚದಲ್ಲಿ ಒಂದೂಕಾಲು, ಕಾಳುಮೆಣಸಿನ ಪುಡಿ ಅರ್ಧ ಚಮಚ. ಬೆಣ್ಣೆಯಲ್ಲೇ ಉಪ್ಪಿದ್ದರೆ ಕಾಲು ಚಮಚ ಉಪ್ಪು ಕಡಿಮೆ ಮಾಡಿ. ಮೂರು ಲೀಟರಿನ ದಪ್ಪ ತಳದ ಸ್ಟೀಲ್ ಪಾತ್ರೆ ಬೇಕು. ಕಬ್ಬಿಣದ ಕಡಾಯಿ ಬೇಡ, ಬರಿಯ ಅಲ್ಯುಮಿನಿಯಂ ಪಾತ್ರೆಯೂ ಬೇಡ. ಕಾರಣ ಮುಂದೆ ಬರುತ್ತದೆ.

ಉಳ್ಳಾಗಡ್ಡಿಯನ್ನು ಬಿರಿಯಾನಿಗೆ ಹೆಚ್ಚುವ ಹಾಗೆ ಬೇರಿನಿಂದ ತುದಿಯತ್ತ ಉದ್ದಕ್ಕೆ ಹೆಚ್ಚಬೇಡಿ. ಹಾಗೆ ಹೆಚ್ಚಿದ ಎಳೆ ಎಷ್ಟು ಬೆಂದರೂ ಆಕಾರ ಬಿಡುವುದಿಲ್ಲ. ನಾರಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ದರೆ ಬೇಗ ಮೆತ್ತಗಾಗಿ ಕರಗುತ್ತದೆ. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ನೊರೆ ಇಳಿದ ಮೇಲೆ ಉಳ್ಳಾಗಡ್ಡಿ ಮತ್ತು ಅರ್ಧ ಉಪ್ಪು ಹಾಕಿ, ಕಲಸಿ, ಮುಚ್ಚಳ ಮುಚ್ಚಿ. ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ, ಆ ನೀರಿನಲ್ಲೇ ಉಳ್ಳಾಗಡ್ಡಿ ಬಾಡಬೇಕು. ಐದು ನಿಮಿಷಕ್ಕೊಮ್ಮೆ ತೆರೆದು ತಿರುವಿ. ಎಲ್ಲಾ ಸೇರಿ 20ರಿಂದ 25 ನಿಮಿಷ ಬೇಕೇ ಬೇಕು.

ಬಾಡಿದ್ದು ಸಾಕೋ ಇಲ್ಲವೋ ಎಂದು ತಿಳಿಯಲು ಗಡಿಯಾರಕ್ಕಿಂತ ಬೆರಳು ಮೇಲು. ಒಂದು ಎಳೆ ತೆಗೆದು, ಆರಿದ ಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ. ಬಾಡಿದ ಎಳೆ ಬೆಣ್ಣೆಯ ಹಾಗೆ ಜಾರಿ ಒಡೆಯುತ್ತದೆ. ನಡುವೆ ತೆಳ್ಳಗಿನ ಪೊರೆಯೊಂದು ಗಟ್ಟಿಯಾಗಿ ಸಿಕ್ಕರೆ ಇನ್ನೂ ಐದು ನಿಮಿಷ ಬಿಡಿ. ಆ ಪೊರೆಯೇ ಮುಂದೆ ನಾಲಿಗೆಗೆ ದಾರದ ಹಾಗೆ ಸಿಗುವುದು. ರಾಶಿ ಇಳಿದು ಪಾತ್ರೆಯ ತಳಕ್ಕೆ ಕೂತಿರಬೇಕು, ಕಣ್ಣಿಗೆ ಹತ್ತುವ ಹಸಿ ಘಾಟು ಹೋಗಿ ಸಿಹಿ ವಾಸನೆ ಬಂದಿರಬೇಕು, ಬಣ್ಣ ಮಾತ್ರ ಕೆಂಪಗಾಗಿರಬಾರದು. ಅಂಚು ಕಂದಿತೆಂದರೆ ಉರಿ ಜಾಸ್ತಿಯಾಯಿತು ಎಂದರ್ಥ. ಆಗ ಎರಡು ಚಮಚ ನೀರು ಚಿಮುಕಿಸಿ, ತಳ ಕೆರೆದು, ಉರಿ ಇಳಿಸಿ. ನಮ್ಮ ಕಡೆಯ ಕೆಂಪು ಉಳ್ಳಾಗಡ್ಡಿಗೆ ಖಾರ ಹೆಚ್ಚು. ಹೊತ್ತು ಉಳಿಸಲು ಹತ್ತು ನಿಮಿಷಕ್ಕೇ ಮುಗಿಸಿದರೆ ಆ ಖಾರ ಸೂಪಿನ ಕೊನೆಯ ಗುಟುಕಿನವರೆಗೂ ಕಾಡುತ್ತದೆ. ಜಜ್ಜಿದ ಬಳ್ಳೊಳ್ಳಿ ಕೊನೆಯ ಎರಡು ನಿಮಿಷಕ್ಕೆ ಸಾಕು.

ಇನ್ನು ಬೂದಿ ಬಣ್ಣದ ಮಾತು. ಶಹಾಬಾದ್ ಕಲ್ಲಿನ ನಾಡು ನಮ್ಮದು. ನೆಲದಡಿ ಸುಣ್ಣದ ಕಲ್ಲು, ಅದಕ್ಕೇ ಎಷ್ಟೋ ಬೋರಿನ ನೀರು ಗಡಸು. ಪಾತ್ರೆಯ ಬಾಯಿಗೆ ಬಿಳಿ ಗೆರೆ ಕಟ್ಟುವುದನ್ನು ಎಲ್ಲರೂ ನೋಡಿರುತ್ತಾರೆ. ಅಂಥ ನೀರು ಕುದಿದಾಗ ಕ್ಷಾರ ಏರುತ್ತದೆ. ಕೆಂಪು ಉಳ್ಳಾಗಡ್ಡಿಯ ನೇರಳೆ ಬಣ್ಣ ಕ್ಷಾರದಲ್ಲಿ ನೀಲಿ, ಹಸಿರುಮಿಶ್ರಿತ ಬೂದಿಯಾಗುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಪಾತ್ರೆಗಳೂ ಆ ಬಣ್ಣವನ್ನು ಕೆಡಿಸುತ್ತವೆ. ಅದೇ ನೀರಿನ ಕ್ಯಾಲ್ಸಿಯಂ ಆಲೂಗಡ್ಡೆಯ ತುಂಡುಗಳನ್ನು ಬಿಗಿ ಹಿಡಿಸುತ್ತದೆ. ಹದಿನೈದು ನಿಮಿಷಕ್ಕೆ ಬೇಯಬೇಕಾದದ್ದು ಇಪ್ಪತ್ತೈದಾದರೂ ಒಳಗೆ ಕಾಳು ಕಾಳು. ಆದ್ದರಿಂದ ಸೂಪಿಗೆ ಕುಡಿಯುವ ಆರ್‌ಒ ಫಿಲ್ಟರ್ ನೀರನ್ನೇ ಬಳಸಿ. ಸಿಕ್ಕರೆ ಬಿಳಿ ಉಳ್ಳಾಗಡ್ಡಿ ತನ್ನಿ. ಸಿಗದಿದ್ದರೆ ಕೆಂಪಿನದರಲ್ಲಿ ಹೊರಗಿನ ಎರಡು ನೇರಳೆ ಪದರ ತೆಗೆದು ಪಲ್ಯಕ್ಕೆ ಇಟ್ಟುಕೊಳ್ಳಿ. ಬಣ್ಣ ಇರುವುದೇ ಅಲ್ಲಿ. ಬೇಗ ಬೇಯಲೆಂದು ಸೋಡಾ ಹಾಕುವ ರೂಢಿ ಕೆಲವೆಡೆ ಇದೆ. ಈ ಸೂಪಿಗೆ ಅದು ಬೇಡವೇ ಬೇಡ, ಬಣ್ಣವೂ ರುಚಿಯೂ ಎರಡೂ ಹೋಗುತ್ತವೆ.

ಬಾಡಿದ ಉಳ್ಳಾಗಡ್ಡಿಯಲ್ಲಿ ಮೂರರಲ್ಲಿ ಎರಡು ಪಾಲು ತೆಗೆದು ಬದಿಗಿಡಿ. ಉಳಿದದ್ದು ಪಾತ್ರೆಯಲ್ಲೇ ಇರಲಿ. ಆಲೂಗಡ್ಡೆಯನ್ನು ಈಗ ಹೆಚ್ಚಿ, ಮೊದಲೇ ಬೇಡ. ಒಂದೂವರೆ ಸೆಂ.ಮೀ. ಚೌಕ ತುಂಡು ಸಾಕು. ಕಪ್ಪಾಗದಿರಲೆಂದು ನೀರಿನಲ್ಲಿ ಹಾಕಿಡುವ ಅಭ್ಯಾಸ ಫ್ರೈಗೆ ಸರಿ, ಇಲ್ಲಿ ತಪ್ಪು. ಆ ಬಿಳಿ ನೀರಿನಲ್ಲಿ ಹೋಗುವ ಪಿಷ್ಟವೇ ಸೂಪಿಗೆ ದಪ್ಪ ಕೊಡುವಂಥದ್ದು. ಬೇಯಿಸಿದರೆ ಹಿಟ್ಟಾಗುವ ಆಲೂಗಡ್ಡೆ ಆರಿಸಿ. ಮೇಣದ ಹಾಗೆ ಗಟ್ಟಿ ನಿಲ್ಲುವ ಹೊಸ ಎಳೆ ಗಡ್ಡೆ ಪಲ್ಯಕ್ಕೆ ಚಂದ, ಸೂಪಿಗಲ್ಲ. ಕೋಲ್ಡ್ ಸ್ಟೋರೇಜಿನಿಂದ ಆಗತಾನೇ ಹೊರಬಂದ ಗಡ್ಡೆ ಸಿಹಿಯಾಗಿರುತ್ತದೆ. ತಣ್ಣಗಿನ ಜಾಗದಲ್ಲಿ ಪಿಷ್ಟ ಸಕ್ಕರೆಯಾಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ಇಟ್ಟರೂ ಹೀಗೇ. ಬುಟ್ಟಿಯಲ್ಲಿ, ಕತ್ತಲಲ್ಲಿ, ಗಾಳಿ ಆಡುವಲ್ಲಿ ಇಡಿ.

ತುಂಡುಗಳನ್ನು ಬೆಣ್ಣೆಯಲ್ಲಿ ಎರಡು ನಿಮಿಷ ತಿರುವಿ, 550 ಮಿ.ಲೀ. ಬಿಸಿನೀರು ಮತ್ತು ಪಲಾವ್ ಎಲೆ ಹಾಕಿ, ಸಣ್ಣ ಕುದಿಯಲ್ಲಿ 15ರಿಂದ 18 ನಿಮಿಷ ಬೇಯಿಸಿ. ಚಾಕುವಿನ ತುದಿ ಸಲೀಸಾಗಿ ಇಳಿದರೆ ಸಾಲದು, ತುಂಡಿನ ಅಂಚು ತಾನೇ ಉದುರುತ್ತಿರಬೇಕು. ಕುಕ್ಕರ್ ಆದರೆ ಎರಡು ಸೀಟಿ, ನೀರು 450 ಮಿ.ಲೀ. ಸಾಕು. ಉಳ್ಳಾಗಡ್ಡಿ ಬಾಡಿಸುವುದನ್ನು ಮಾತ್ರ ಕುಕ್ಕರಿಗೆ ಒಪ್ಪಿಸಬೇಡಿ. ಹಾಲು ಈಗಲೇ ಹಾಕುವುದೂ ಬೇಡ. ತಳ ಹತ್ತುತ್ತದೆ, ಗಡ್ಡೆಯೊಂದಿಗೆ ಕುದಿದು ಒಡೆಯಲೂಬಹುದು.

ಬದಿಗಿಟ್ಟ ಉಳ್ಳಾಗಡ್ಡಿ ಮತ್ತು ಉಳಿದ 150 ಮಿ.ಲೀ. ನೀರನ್ನು ಮಿಕ್ಸಿಗೆ ಹಾಕಿ ಒಂದೂವರೆ ನಿಮಿಷ ನುಣ್ಣಗೆ ಅರೆಯಿರಿ. ಉಳ್ಳಾಗಡ್ಡಿಯನ್ನು ಎಷ್ಟು ಅರೆದರೂ ಕೆಡುವುದಿಲ್ಲ, ಅರೆದಷ್ಟೂ ರೇಷ್ಮೆ. ಬಿಸಿ ಇದ್ದರೆ ಮಿಕ್ಸಿಯ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಒಳಗಿನ ಆವಿ ಮುಚ್ಚಳವನ್ನು ಎಸೆದು ಕೈ ಸುಟ್ಟೀತು. ಹತ್ತು ನಿಮಿಷ ಆರಿಸಿ, ಮುಚ್ಚಳದ ಮೇಲೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ.

ಆಲೂಗಡ್ಡೆ ಮಾತ್ರ ಆ ಜಾರಿಗೆ ಹೋಗಬಾರದು. ಬೆಂದ ಗಡ್ಡೆಯ ಒಂದೊಂದು ಕಣವೂ ನೀರು ಕುಡಿದು ಉಬ್ಬಿದ ಪಿಷ್ಟದ ಚೀಲ. ಮಿಕ್ಸಿಯ ಬ್ಲೇಡು ಆ ಚೀಲಗಳನ್ನು ಹರಿಯುತ್ತದೆ, ಪಿಷ್ಟ ಹೊರಗೆ ಬಂದು ಅಂಟಾಗುತ್ತದೆ, ಸೂಪು ಚಮಚದಿಂದ ದಾರವಾಗಿ ಇಳಿಯುತ್ತದೆ. ಒತ್ತಿ ಮಸೆದರೆ ಚೀಲಗಳು ಒಂದರಿಂದ ಒಂದು ಬಿಡುತ್ತವೆಯೇ ಹೊರತು ಅಷ್ಟಾಗಿ ಹರಿಯುವುದಿಲ್ಲ. ಬ್ಯಾಳಿ ಮಸೆಯುವ ಕಡಗೋಲಿಗೆ ಇಲ್ಲಿ ಮಿಕ್ಸಿಗಿಂತ ಹೆಚ್ಚು ಬೆಲೆ. ಪಲಾವ್ ಎಲೆ ತೆಗೆದು, ಪಾತ್ರೆಯಲ್ಲೇ ಬಿಸಿ ಇರುವಾಗ ಮಸೆದು, ದೊಡ್ಡ ಕಣ್ಣಿನ ಜರಡಿಯ ಮೇಲೆ ಸೌಟಿನ ಬೆನ್ನಿನಿಂದ ಒತ್ತಿ ಸೋಸಿ. ಆಮೇಲೆ ಉಳ್ಳಾಗಡ್ಡಿಯ ರುಬ್ಬು ಸೇರಿಸಿ. ಒಮ್ಮೆ ಅಂಟಾದದ್ದು ಮತ್ತೆ ಬಿಡಿಯಾಗದು. ಬಿಸಿನೀರು ಮತ್ತು ಇನ್ನಷ್ಟು ಬಾಡಿಸಿದ ಉಳ್ಳಾಗಡ್ಡಿ ಸೇರಿಸಿ ತೆಳು ಮಾಡಬಹುದು, ಅಷ್ಟೇ.

ಈಗ ಬಿಸಿ ಹಾಲು ಹಾಕಿ, ಉಳಿದ ಉಪ್ಪು, ಕಾಳುಮೆಣಸಿನ ಪುಡಿ ನೋಡಿಕೊಂಡು ಸೇರಿಸಿ, ಎರಡು ನಿಮಿಷ ಕಾಯಿಸಿ, ಉರಿ ಆರಿಸಿ. ಕ್ರೀಮನ್ನು ಬಟ್ಟಲಲ್ಲಿ ತೆಗೆದು, ಎರಡು ಸೌಟು ಸೂಪು ಅದರಲ್ಲಿ ಕಲಸಿ ಬೆಚ್ಚಗೆ ಮಾಡಿ ಪಾತ್ರೆಗೆ ಸುರಿಯಿರಿ. ಮನೆಯಲ್ಲಿ ವಾರದಿಂದ ಕೂಡಿಟ್ಟ ಹಾಲಿನ ಕೆನೆ ಬಳಸಬೇಡಿ. ಅದು ಒಳಗೇ ಹುಳಿ ತಿರುಗಿರುತ್ತದೆ, ಬಿಸಿ ತಾಗಿದೊಡನೆ ಒಡೆಯುತ್ತದೆ. ಆ ದಿನದ ಕೆನೆಯಾದರೆ ನುಣ್ಣಗೆ ಕಡೆದು ಹಾಕಬಹುದು. ಲಿಂಬೆ ಬೇಕೆನ್ನುವವರು ಬಟ್ಟಲಿಗೆ ಬಡಿಸಿದ ಮೇಲೆ ಎರಡು ಹನಿ ಹಿಂಡಿಕೊಳ್ಳಲಿ, ಪಾತ್ರೆಗಲ್ಲ.

ಹದ ನೋಡಲು ಸೌಟನ್ನು ಅದ್ದಿ ಎತ್ತಿ, ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ. ಗೆರೆ ಮುಚ್ಚದೆ ನಿಂತರೆ ಸರಿ. ಬಟ್ಟಲಲ್ಲಿ ಆರುತ್ತಾ ಪಿಷ್ಟ ಇನ್ನೂ ಬಿಗಿಯುತ್ತದೆ, ಹಾಗಾಗಿ ಒಲೆಯ ಮೇಲೆ ಬೇಕಾದ್ದಕ್ಕಿಂತ ತುಸು ತೆಳ್ಳಗೇ ಇರಲಿ.

ಮನೆಯ ಕಾರ್ಯಕ್ಕೆ 40 ಬಟ್ಟಲು ಮಾಡುವವರು ಎಲ್ಲವನ್ನೂ ಹತ್ತರಿಂದ ಗುಣಿಸಬೇಡಿ. ದೊಡ್ಡ ಪಾತ್ರೆಯಲ್ಲಿ ಅಳತೆಗೆ ತಕ್ಕಷ್ಟು ನೀರು ಆವಿಯಾಗುವುದಿಲ್ಲ. 7 ಲೀಟರ್ ಬದಲು 6 ಲೀಟರಿನಿಂದ ಶುರುಮಾಡಿ, ಕೊನೆಗೆ ಸರಿಮಾಡಿಕೊಳ್ಳಿ. ಉಪ್ಪನ್ನೂ ಹಾಗೇ ಹಿಡಿದು ಹಾಕಿ. 4 ಕಿಲೋ ಉಳ್ಳಾಗಡ್ಡಿಯನ್ನು ಒಂದೇ ಸಲ ಹಾಕಿದರೆ ಕೆಳಗಿನದು ತಳ ಹತ್ತುತ್ತದೆ, ಮೇಲಿನದು ಹಸಿಯಾಗೇ ಇರುತ್ತದೆ. ನಾಲ್ಕು ಬೆರಳಿಗಿಂತ ಎತ್ತರದ ರಾಶಿ ಮಾಡದೆ ಎರಡು ಮೂರು ಕಂತಿನಲ್ಲಿ ಬಾಡಿಸಿ.

ಬ್ರೆಡ್ಡಿನ ತುಂಡಿಗಿಂತ ನಮ್ಮ ಎಳ್ಳು ಹಚ್ಚಿದ ಸಜ್ಜೆಯ ಕಟಕ ರೊಟ್ಟಿ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮುರಿದು ಮೇಲೆ ಹಾಕಿ ಕೂಡಲೇ ಬಡಿಸಿ, ಎರಡು ನಿಮಿಷ ಕಾದರೆ ಮೆತ್ತಗಾಗುತ್ತದೆ. ಉಳಿದ ಸೂಪನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಎರಡು ದಿನದಲ್ಲಿ ಮುಗಿಸಿ. ಫ್ರೀಜರ್ ಬೇಡ, ಕರಗಿದಾಗ ನೀರು ಬೇರೆ, ಹಿಟ್ಟು ಬೇರೆ ಆಗುತ್ತದೆ. ಮತ್ತೆ ಬಿಸಿ ಮಾಡುವಾಗ ಬಟ್ಟಲಿಗೆ ಮೂರು ಚಮಚ ಹಾಲಿನಂತೆ ಸೇರಿಸಿ, ಸಣ್ಣ ಉರಿಯಲ್ಲಿ ತಿರುವುತ್ತಾ, ಅಂಚಿನಲ್ಲಿ ಹಬೆ ಏಳುತ್ತಲೇ ಇಳಿಸಿಬಿಡಿ. ಕುದಿಸಬೇಡಿ.