ಮುಚ್ಚದೆ ಬಿಟ್ಟ ಒಂದು ಟ್ರಾನ್ಸಾಕ್ಷನ್

7 ಫೆಬ್ರುವರಿ 2025, ಶುಕ್ರವಾರ

ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಒಂದರವರೆಗೆ ಒಂದೇ ಡೇಟಾಬೇಸ್ ಟೇಬಲ್ಲಿನ ಮುಂದೆ ಕುಳಿತಿದ್ದೆ. ಕಲಿಕೆಗೆಂದು ನಾನೇ ಮಾಡಿಕೊಂಡ, ಹತ್ತು ಲಕ್ಷ ಸಾಲುಗಳ ಟೇಬಲ್ ಅದು. ಒಂದು ಹೊಸ ಸಾಲನ್ನೂ ಸೇರಿಸಿರಲಿಲ್ಲ. ಇದ್ದ ಸಾಲುಗಳನ್ನೇ ತಿದ್ದುತ್ತಿದ್ದೆ. ಆದರೂ ಅದು ಮೊದಲಿದ್ದ ಗಾತ್ರದ ನಾಲ್ಕು ಪಟ್ಟಾಗಿತ್ತು.

ಹದಿನೇಳು ವರ್ಷ ಒರಾಕಲ್ ಡೇಟಾಬೇಸ್‌ಗಳನ್ನು ನೋಡಿಕೊಂಡಿದ್ದೇನೆ. ಈ ವರ್ಷದೊಳಗೆ ನಮ್ಮ ಮುಖ್ಯ ಅಪ್ಲಿಕೇಶನ್‌ಗಳು ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ವ್ಯವಸ್ಥೆಗೆ ಹೋಗಬೇಕು. ಹಾಗಾಗಿ ಐದು ವಾರಗಳಿಂದ ದಿನದ ಅರ್ಧವನ್ನು ಕಲಿಕೆಗೆ ಮೀಸಲಿಟ್ಟಿದ್ದೇನೆ. ಈವರೆಗೆ ಬರೆದ ಟಿಪ್ಪಣಿಗಳಲ್ಲಿ ಹೆಚ್ಚಿನವು ಆದೇಶಗಳ ಬಗ್ಗೆ ಇದ್ದವು. ಇವತ್ತು ಕಲಿತದ್ದು ಬೇರೆ ಬಗೆಯದು. ಮರೆಯುವ ಮೊದಲು ಬರೆದಿಡಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ತಿದ್ದಿದರೆ ಹಳೆಯ ಸಾಲು ಅಳಿಯುವುದಿಲ್ಲ. ಅದೇ ಟೇಬಲ್ಲಿನೊಳಗೆ ಹೊಸದೊಂದು ಪ್ರತಿ ಹುಟ್ಟುತ್ತದೆ, ಹಳೆಯದು ತನ್ನ ಜಾಗದಲ್ಲೇ ಉಳಿಯುತ್ತದೆ. ಇದನ್ನು ಮೊದಲ ವಾರವೇ ಓದಿದ್ದೆ. ಕಣ್ಣಾರೆ ನೋಡಿಯೂ ಇದ್ದೆ: ಪ್ರತಿ ಸಾಲಿಗೂ ಎಕ್ಸ್‌ಮಿನ್, ಎಕ್ಸ್‌ಮ್ಯಾಕ್ಸ್ ಎಂಬ ಎರಡು ಅಡಗಿದ ಕಾಲಂಗಳಿರುತ್ತವೆ. ಸಾಲನ್ನು ಹುಟ್ಟಿಸಿದ ಟ್ರಾನ್ಸಾಕ್ಷನ್ನಿನ (ಒಟ್ಟಾಗಿ ಖಾಯಂ ಆಗುವ ಇಲ್ಲವೇ ಒಟ್ಟಾಗಿ ರದ್ದಾಗುವ ಆದೇಶಗಳ ಗುಂಪಿನ) ಸಂಖ್ಯೆ ಒಂದರಲ್ಲಿ, ಅದನ್ನು ಕೊನೆಗಾಣಿಸಿದ ಟ್ರಾನ್ಸಾಕ್ಷನ್ನಿನ ಸಂಖ್ಯೆ ಇನ್ನೊಂದರಲ್ಲಿ. ಸಿಟಿಐಡಿ ಎಂಬ ಮತ್ತೊಂದು ಕಾಲಂ ಸಾಲು ಯಾವ ಪುಟದ ಎಷ್ಟನೆಯ ಸ್ಥಾನದಲ್ಲಿದೆ ಎಂದು ತೋರಿಸುತ್ತದೆ. ಒಂದು ಸಾಲನ್ನು ತಿದ್ದಿ ಮತ್ತೆ ನೋಡಿದರೆ ವಿಳಾಸ ಬದಲಾಗಿರುತ್ತದೆ, ಸಾಲು ಮನೆ ಬದಲಿಸಿರುತ್ತದೆ. ಹೀಗೆ ಉಳಿದ ಸತ್ತ ಪ್ರತಿಗಳನ್ನು ಗುಡಿಸಿ, ಆ ಜಾಗವನ್ನು ಮರುಬಳಕೆಗೆ ಬಿಟ್ಟುಕೊಡುವ ಕೆಲಸ ವ್ಯಾಕ್ಯೂಮ್‌ನದು.

ಆದ್ದರಿಂದ ಮೊದಲ ಸಲ ಹತ್ತು ಲಕ್ಷ ಸಾಲುಗಳನ್ನೂ ತಿದ್ದಿದಾಗ ಟೇಬಲ್ ಎರಡು ಪಟ್ಟಾದದ್ದು ನಿರೀಕ್ಷಿತವೇ. ವ್ಯಾಕ್ಯೂಮ್ ಓಡಿಸಿದೆ. ತಕರಾರಿಲ್ಲದೆ ಮುಗಿಯಿತು. ಮತ್ತೆ ತಿದ್ದಿದೆ. ಗುಡಿಸಿದ ಜಾಗದಲ್ಲೇ ಹೊಸ ಪ್ರತಿಗಳು ಕೂರಬೇಕಿತ್ತು. ಟೇಬಲ್ ಮೂರು ಪಟ್ಟಾಯಿತು. ಮತ್ತೊಮ್ಮೆ ವ್ಯಾಕ್ಯೂಮ್, ಮತ್ತೊಮ್ಮೆ ತಿದ್ದುಪಡಿ. ನಾಲ್ಕು ಪಟ್ಟು.

ಆಮೇಲಿನ ಎರಡು ಗಂಟೆ ನಾನು ಹುಡುಕಿದ್ದೆಲ್ಲ ಜಾಗದ ಲೆಕ್ಕವನ್ನು. ಒರಾಕಲ್‌ನಲ್ಲಿ ಟೇಬಲ್ ಕಾರಣವಿಲ್ಲದೆ ಬೆಳೆದರೆ ಎಲ್ಲೆಲ್ಲಿ ನೋಡುತ್ತಿದ್ದೆನೋ ಅಲ್ಲೆಲ್ಲ ನೋಡಿದೆ. ಪುಟಗಳಲ್ಲಿ ಎಷ್ಟು ಖಾಲಿ ಬಿಡಲಾಗಿದೆ, ಇಂಡೆಕ್ಸ್ ಎಷ್ಟು ದಪ್ಪವಾಗಿದೆ, ಸೆಟ್ಟಿಂಗ್ ಎಲ್ಲಿ ತಪ್ಪಿದೆ ಎಂದು ಒಂದೊಂದಾಗಿ ತಾಳೆ ಹಾಕಿದೆ. ಕೊನೆಗೆ ವ್ಯಾಕ್ಯೂಮ್ ತಾನು ಮಾಡಿದ್ದನ್ನೆಲ್ಲ ವಿವರವಾಗಿ ಹೇಳುವಂತೆ ಓಡಿಸಿದಾಗ, ಉದ್ದನೆಯ ವರದಿಯ ನಡುವೆ ಒಂದು ಸಾಲು ಸಿಕ್ಕಿತು. ಮೂವತ್ತು ಲಕ್ಷ ಸಾಲುಗಳು ಸತ್ತಿವೆ, ಆದರೆ ಅವನ್ನು ಇನ್ನೂ ತೆಗೆಯುವಂತಿಲ್ಲ.

ಯಾಕೆ ತೆಗೆಯುವಂತಿಲ್ಲ? ಈ ಟೇಬಲ್ ಬಳಸುತ್ತಿದ್ದವಳು ನಾನೊಬ್ಬಳೇ.

ಪಕ್ಕದ ಮೇಜಿನ ಹುಡುಗ ಪರದೆಯನ್ನು ನೋಡಿದ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿದೆ. ಮೊದಲಿನಿಂದಲೂ ಪೋಸ್ಟ್‌ಗ್ರೆಸ್‌ನಲ್ಲೇ ಬೆಳೆದವನು. “ಮೇಡಂ, ಎಲ್ಲಾದರೂ ಟ್ರಾನ್ಸಾಕ್ಷನ್ ತೆರೆದೇ ಇದೆಯೇ ಎಂದು ನೋಡಿದಿರಾ?” ಎಂದು ಕೇಳಿದ.

ಇತ್ತು. ಬೆಳಿಗ್ಗೆ ಬೇರೊಂದು ಕಿಟಕಿಯಲ್ಲಿ, ಬೇರೊಂದು ಪುಟ್ಟ ಟೇಬಲ್ಲಿನಲ್ಲಿ ಒಂದೇ ಒಂದು ಸಾಲನ್ನು ತಿದ್ದಿ, ಫೋನ್ ಬಂದಿತೆಂದು ಎದ್ದುಹೋಗಿದ್ದೆ. ಕಮಿಟ್ ಮಾಡಿರಲಿಲ್ಲ, ಎಂದರೆ ಬದಲಾವಣೆಯನ್ನು ಖಾಯಂಗೊಳಿಸಿ ಟ್ರಾನ್ಸಾಕ್ಷನ್ ಮುಚ್ಚಿರಲಿಲ್ಲ. “ಆದರೆ ಅದು ಬೇರೆ ಟೇಬಲ್, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲವಲ್ಲ” ಎಂದೆ.

“ಬೇರೆ ಟೇಬಲ್ ಆದರೂ ಅಷ್ಟೇ, ಮೇಡಂ. ಆ ಟ್ರಾನ್ಸಾಕ್ಷನ್ ಮುಂದೆ ಯಾವ ಟೇಬಲ್ ನೋಡುತ್ತದೆ ಎಂದು ವ್ಯಾಕ್ಯೂಮ್‌ಗೆ ಹೇಗೆ ಗೊತ್ತಾಗಬೇಕು?”

ಆ ಕಿಟಕಿಗೆ ಹೋಗಿ ಕಮಿಟ್ ಕೊಟ್ಟೆ. ವ್ಯಾಕ್ಯೂಮ್ ಮತ್ತೆ ಓಡಿಸಿದೆ. ಮೂವತ್ತು ಲಕ್ಷ ಸಾಲುಗಳೂ ಹೋದವು. ಟೇಬಲ್ಲಿನ ಗಾತ್ರ ಇಳಿಯಲಿಲ್ಲ, ಅದು ಇಳಿಯಬೇಕಾದರೆ ಇಡೀ ಟೇಬಲ್ಲನ್ನು ಹೊಸದಾಗಿ ಬರೆಯುವ ವ್ಯಾಕ್ಯೂಮ್ ಫುಲ್ ಬೇಕು. ಅದು ನಡೆಯುವಷ್ಟು ಹೊತ್ತು ಟೇಬಲ್ಲನ್ನು ಯಾರೂ ಓದಲೂ ಆಗದು. ಆದರೆ ನಾಲ್ಕನೆಯ ಸಲ ತಿದ್ದಿದಾಗ ಗಾತ್ರ ಒಂದಿಷ್ಟೂ ಏರಲಿಲ್ಲ.

ನನ್ನನ್ನು ಸಂಜೆಯವರೆಗೂ ಕಾಡಿದ್ದು ಆ ಟ್ರಾನ್ಸಾಕ್ಷನ್ ಯಾಕೆ ತೆರೆದಿತ್ತು ಎಂಬುದು. ಅದು ಅಜಾಗರೂಕತೆಯಿಂದ ತೆರೆದದ್ದಲ್ಲ. ಜಾಗರೂಕತೆಯಿಂದಲೇ ತೆರೆದದ್ದು. ಒರಾಕಲ್‌ನ ಎಸ್‌ಕ್ಯೂಎಲ್ ಪ್ಲಸ್ ಎಂಬ ಆದೇಶ ಬರೆಯುವ ಕಿಟಕಿಯಲ್ಲಿ ನೀವು ಕಮಿಟ್ ಎನ್ನುವವರೆಗೆ ತಿದ್ದಿದ್ದು ಸಾಮಾನ್ಯವಾಗಿ ಖಾಯಂ ಆಗುವುದಿಲ್ಲ. ತಿದ್ದು, ಎಷ್ಟು ಸಾಲು ಬದಲಾಯಿತೆಂದು ನೋಡು, ಇನ್ನೊಮ್ಮೆ ನೋಡು, ಆಮೇಲೆ ಕಮಿಟ್ ಮಾಡು ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ನಾನೂ ಹಲವರಿಗೆ ಅದನ್ನೇ ಹೇಳಿಕೊಟ್ಟಿದ್ದೇನೆ. ಪೋಸ್ಟ್‌ಗ್ರೆಸ್‌ನ ಪಿಎಸ್‌ಕ್ಯೂಎಲ್ ಹಾಗಲ್ಲ. ಮುಂಚಿತವಾಗಿ ಬಿಗಿನ್ ಎನ್ನದಿದ್ದರೆ ಪ್ರತಿ ಆದೇಶವೂ ತನ್ನಷ್ಟಕ್ಕೆ ಕಮಿಟ್ ಆಗುತ್ತದೆ. ಇದು ತಿಳಿದ ದಿನವೇ ನಾನು ಮಾಡಿಕೊಂಡ ನಿಯಮ, ಯಾವ ಕಿಟಕಿ ತೆರೆದರೂ ಮೊದಲು ಬಿಗಿನ್ ಬರೆಯಬೇಕು ಎಂಬುದು. ನಿಯಮ ಸರಿಯಾದದ್ದೇ. ಆದರೆ ಒರಾಕಲ್‌ನಲ್ಲಿ ಹಾಗೆ ಒಂದು ಸಾಲನ್ನು ತಿದ್ದಿ ಎದ್ದುಹೋದರೆ ಆ ಸಾಲಿಗೆ ಬೀಗ ಬೀಳುತ್ತದೆ, ಬೇರೆ ಟೇಬಲ್ ತಿದ್ದುವವರಿಗೆ ಸಾಮಾನ್ಯವಾಗಿ ಅದರ ಬಿಸಿ ತಟ್ಟುವುದಿಲ್ಲ. ಇಲ್ಲಿ ಇಡೀ ಡೇಟಾಬೇಸ್‌ನ ಗುಡಿಸುವ ಕೆಲಸವೇ ನಿಂತುಬಿಡುತ್ತದೆ.

ಎರಡೂ ಕಡೆ ಮೂಲ ಸಮಸ್ಯೆ ಒಂದೇ. ಒಬ್ಬರು ಓದುತ್ತಿರುವಾಗ ಇನ್ನೊಬ್ಬರು ತಿದ್ದಿದರೆ, ಓದುವವರಿಗೆ ಹಳೆಯ ರೂಪ ಕಾಣಿಸಬೇಕು. ಆ ಹಳೆಯ ರೂಪವನ್ನು ಎಲ್ಲಿಡುವುದು? ಒರಾಕಲ್ ಅದನ್ನು ಅಂಡೂ ಎಂಬ ಬೇರೆ ಜಾಗದಲ್ಲಿ ಇಡುತ್ತದೆ. ಆ ಜಾಗಕ್ಕೆ ಮಿತಿಯಿದೆ. ತುಂಬಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಅಷ್ಟರಲ್ಲಿ ಉದ್ದನೆಯ ವರದಿಯೊಂದು ಆ ಹಳೆಯ ರೂಪವನ್ನು ಕೇಳಿದರೆ ಸಿಗುವುದು ಓಆರ್‌ಎ-01555, ‘ಸ್ನ್ಯಾಪ್‌ಶಾಟ್ ಟೂ ಓಲ್ಡ್’. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ರಾತ್ರಿಯೆಲ್ಲ ಓಡಿದ ತಿಂಗಳ ಕೊನೆಯ ವರದಿ ಬೆಳಗಿನ ಜಾವ ಈ ಸಂಖ್ಯೆಯನ್ನು ತೋರಿಸಿ ಬಿದ್ದುಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪೋಸ್ಟ್‌ಗ್ರೆಸ್‌ನ ಪ್ರಾಥಮಿಕ ಸರ್ವರ್‌ನಲ್ಲಿ ಓದುಗನನ್ನು ಹೀಗೆ ಕೈಬಿಡುವುದಿಲ್ಲ. ಎಷ್ಟು ಹೊತ್ತು ಓದಿದರೂ ಹಳೆಯ ಸಾಲು ಕಾದಿರುತ್ತದೆ. ಆದರೆ ಅದು ಕಾಯುವಷ್ಟು ಹೊತ್ತೂ ಟೇಬಲ್ ಊದುತ್ತದೆ. ಅಲ್ಲಿ ಬೆಲೆ ತೆರುವವನು ನಿಧಾನವಾಗಿ ಓದುವವನು, ಇಲ್ಲಿ ಬೆಲೆ ತೆರುವವರು ಉಳಿದವರೆಲ್ಲರೂ. ಇಷ್ಟು ಅರ್ಥವಾದ ಮೇಲೆ ಬೆಳಗಿನ ಎರಡು ಗಂಟೆ ವ್ಯರ್ಥವಾಯಿತೆಂದು ನನಗೆ ಅನ್ನಿಸುತ್ತಿಲ್ಲ.

ಇದರ ಇನ್ನೊಂದು ಮುಖವನ್ನು ಮಧ್ಯಾಹ್ನ ನೋಡಿದೆ. ಅದೇ ಹತ್ತು ಲಕ್ಷ ಸಾಲುಗಳನ್ನು ಬಿಗಿನ್ ಹಾಕಿ ತಿದ್ದಿ, ಮಾಡಿದ್ದನ್ನೆಲ್ಲ ರದ್ದುಮಾಡುವ ರೋಲ್‌ಬ್ಯಾಕ್ ಕೊಟ್ಟೆ. ಕೊಟ್ಟು ಕುರ್ಚಿಗೆ ಒರಗಿದೆ. ದೊಡ್ಡ ಟ್ರಾನ್ಸಾಕ್ಷನ್ ಹಿಂದಕ್ಕೆ ಬರುವಾಗ ಕಾಯುವುದು ನನ್ನ ಮೈಗೆ ರೂಢಿಯಾಗಿದೆ. ಒರಾಕಲ್ ಅಂಡೂವಿನಿಂದ ಹಳೆಯ ರೂಪಗಳನ್ನು ತೆಗೆದು ಒಂದೊಂದಾಗಿ ಮೊದಲಿನ ಜಾಗಕ್ಕೆ ಕೂರಿಸಬೇಕು. ಇಲ್ಲಿ ಎವೆಯಿಕ್ಕುವುದರೊಳಗೆ ಮುಗಿದಿತ್ತು. ಹಿಂದಿರುಗಿಸಲು ಏನೂ ಇಲ್ಲ. ಹಳೆಯ ಸಾಲುಗಳು ಇದ್ದಲ್ಲೇ ಇವೆ. ಆ ಟ್ರಾನ್ಸಾಕ್ಷನ್ ರದ್ದಾಯಿತೆಂದು ಒಂದು ಗುರುತು ಹಾಕಿದರೆ ಸಾಕು. ಹೊಸ ಪ್ರತಿಗಳು ಸತ್ತವಾಗಿ ಉಳಿಯುತ್ತವೆ, ಗುಡಿಸುವವನು ಆಮೇಲೆ ಬರುತ್ತಾನೆ. ನಂಬಲಾಗದೆ ಮೂರು ಸಲ ಮಾಡಿ ನೋಡಿದೆ.

ಮೊದಲ ವಾರದಿಂದ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಪುಟದ ನಡುವೆ ಗೆರೆ, ಎಡಗಡೆ ಒರಾಕಲ್ ಹೆಸರು, ಬಲಗಡೆ ಪೋಸ್ಟ್‌ಗ್ರೆಸ್ ಹೆಸರು. ರೀಡೂ ಲಾಗ್‌ಗೆ ಎದುರಾಗಿ ವಾಲ್ (ರೈಟ್-ಅಹೆಡ್ ಲಾಗ್). ಇದು ಹೆಚ್ಚುಕಡಿಮೆ ಸರಿಹೋಗುತ್ತದೆ, ಬದಲಾವಣೆಯನ್ನು ಮೊದಲು ಅಲ್ಲಿ ಬರೆದು ಭದ್ರಪಡಿಸಿದ ಮೇಲೆಯೇ ಕಮಿಟ್ ಆಯಿತೆಂಬ ಉತ್ತರ ಬರುತ್ತದೆ. ಆದರೆ ಅಂಡೂವಿನ ಎದುರು ಏನು ಬರೆಯಲಿ? ಐದು ವಾರ ಆ ಜಾಗದಲ್ಲಿ ‘ವ್ಯಾಕ್ಯೂಮ್?’ ಎಂದಿತ್ತು. ಪ್ರಶ್ನೆಚಿಹ್ನೆಯನ್ನು ಹಾಕಿದ್ದೆನಾದರೂ ಅದರ ಬೆನ್ನು ಹತ್ತಿರಲಿಲ್ಲ. ಇನ್ನೂ ಕೆಟ್ಟದ್ದು ಎರಡೂ ಕಡೆ ಒಂದೇ ಹೆಸರಿರುವ ಸಂಗತಿಗಳು. ಟೇಬಲ್‌ಸ್ಪೇಸ್ ಎಂದರೆ ಒರಾಕಲ್‌ನಲ್ಲಿ ಡೇಟಾಫೈಲ್‌ಗಳ ಗುಂಪು, ಅದರ ಗಾತ್ರವನ್ನು ನಾನು ದಿನವೂ ಕಾಯಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಅದು ಡಿಸ್ಕಿನ ಮೇಲಿನ ಒಂದು ಡೈರೆಕ್ಟರಿ, ಅಷ್ಟೇ. ಕ್ಲಸ್ಟರ್ ಎಂದೊಡನೆ ನನ್ನ ಕಣ್ಣ ಮುಂದೆ ಹಲವು ಸರ್ವರ್‌ಗಳು ಬರುತ್ತವೆ. ಇಲ್ಲಿ ಒಂದೇ ಸರ್ವರ್ ಪ್ರಕ್ರಿಯೆ ನೋಡಿಕೊಳ್ಳುವ ಡೇಟಾಬೇಸ್‌ಗಳ ಸಮೂಹಕ್ಕೂ ಅದೇ ಹೆಸರು. ಗೊತ್ತಿಲ್ಲದ ಪದ ಬಂದರೆ ಹುಡುಕಿ ಓದುತ್ತೇನೆ. ಗೊತ್ತಿರುವ ಪದ ಬಂದರೆ ಮುಂದಕ್ಕೆ ಹೋಗಿಬಿಡುತ್ತೇನೆ, ಎಡವಿದ್ದೆಲ್ಲ ಅಲ್ಲೇ. ಇವತ್ತು ಆ ನೋಟ್‌ಬುಕ್ ಮುಚ್ಚಿಟ್ಟು ಹೊಸದೊಂದನ್ನು ತೆರೆದಿದ್ದೇನೆ. ಅದರಲ್ಲಿ ಹೆಸರುಗಳ ಜೋಡಿಯಿಲ್ಲ. ಪುಟಕ್ಕೊಂದು ಪ್ರಶ್ನೆ. ಮೊದಲ ಪುಟದಲ್ಲಿ ಬರೆದದ್ದು: ಹಳೆಯ ಸಾಲು ಎಲ್ಲಿರುತ್ತದೆ, ಅದರ ಖರ್ಚು ಯಾರ ಮೇಲೆ ಬೀಳುತ್ತದೆ?

ಒಂದು ವಿಷಯ ನನಗೆ ನಿಜಕ್ಕೂ ಸಂತೋಷ ಕೊಟ್ಟಿತು. ಹಳೆಯ ಪ್ರತಿಗಳನ್ನು ಟೇಬಲ್ಲಿನಲ್ಲೇ ಬಿಡುವುದನ್ನು ಇಷ್ಟು ದಿನ ನಾನು ಮನಸ್ಸಿನಲ್ಲೇ ಕೊರತೆಯೆಂದು ಎಣಿಸಿದ್ದೆ. 1986ರಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳತ್ವದಲ್ಲಿ ಪೋಸ್ಟ್‌ಗ್ರೆಸ್ ಯೋಜನೆ ಆರಂಭವಾದಾಗ ಅದು ಬೇಕೆಂದೇ ಮಾಡಿದ ಆಯ್ಕೆಯಾಗಿತ್ತು. ಬರೆದದ್ದರ ಮೇಲೆ ಮತ್ತೆ ಬರೆಯಬಾರದು, ಹಿಂದಿನ ಯಾವುದೋ ದಿನ ಟೇಬಲ್ ಹೇಗಿತ್ತೆಂದು ಕೇಳಿದರೆ ಉತ್ತರ ಸಿಗಬೇಕು ಎಂಬುದು ಅವರ ಆಸೆ. ಹಳೆಯ ಸಾಲುಗಳನ್ನು ಶಾಶ್ವತ ಸಂಗ್ರಹಕ್ಕೆ ಸಾಗಿಸುವುದು ಅಂದಿನ ವ್ಯಾಕ್ಯೂಮ್‌ನ ಕೆಲಸವಾಗಿತ್ತು. ಆ ಕಾಲಯಾನದ ಸೌಲಭ್ಯವನ್ನು ಆಮೇಲೆ, 6.2ನೆಯ ಆವೃತ್ತಿಯಲ್ಲಿ ಕೈಬಿಟ್ಟರು. ಅಡಿಪಾಯ ಮಾತ್ರ ಉಳಿಯಿತು. ಯಾರೋ ಯೋಚಿಸಿ ಕಟ್ಟಿದ ಗೋಡೆಯನ್ನು ನಾನು ಅಡ್ಡ ಬಂದ ಗೋಡೆಯೆಂದು ನೋಡುತ್ತಿದ್ದೆ.

ಸಂಜೆ, ವ್ಯಾಕ್ಯೂಮ್ ತಾನಾಗಿಯೇ ಓಡುವ ಆಟೋವ್ಯಾಕ್ಯೂಮ್‌ನ ಲೆಕ್ಕ ಹಾಕಿದೆ. ಮೂಲ ಸೆಟ್ಟಿಂಗ್ ಪ್ರಕಾರ ಟೇಬಲ್ಲಿನ ಶೇಕಡ 20ರಷ್ಟು ಸಾಲುಗಳು ಮತ್ತು ಅದರ ಮೇಲೆ ಇನ್ನೂ 50 ಸತ್ತ ನಂತರವೇ ಅದು ಎಚ್ಚರಗೊಳ್ಳುತ್ತದೆ. ಹತ್ತು ಲಕ್ಷದ ಟೇಬಲ್ಲಿಗೆ ಅದು 2,00,050. ಸರಿ. ಆದರೆ ಹತ್ತು ಕೋಟಿ ಸಾಲುಗಳಿರುವ ಟೇಬಲ್ಲಿಗೆ ಎರಡು ಕೋಟಿ ಸತ್ತ ಸಾಲುಗಳಾಗುವವರೆಗೆ ಕಾಯುವುದು ನನಗೆ ಒಪ್ಪಿಗೆಯಿಲ್ಲ. ದೊಡ್ಡ ಟೇಬಲ್ಲುಗಳಿಗೆ ಪ್ರತ್ಯೇಕವಾಗಿ ಶೇಕಡ 1 ಅಥವಾ 2ಕ್ಕೆ ಇಳಿಸಿ ಪರೀಕ್ಷಿಸಬೇಕು. ತೆರೆದು ಸುಮ್ಮನಿರುವ ಟ್ರಾನ್ಸಾಕ್ಷನ್‌ಗಳನ್ನು ತಾನಾಗಿ ಕತ್ತರಿಸುವ ಸೆಟ್ಟಿಂಗ್ 9.6ನೆಯ ಆವೃತ್ತಿಯಿಂದಲೂ ಇದೆ, ಆದರೆ ಮೂಲದಲ್ಲಿ ಬಂದ್ ಆಗಿರುತ್ತದೆ. ಪರೀಕ್ಷಾ ಸರ್ವರ್‌ನಲ್ಲಿ ಹತ್ತು ನಿಮಿಷಕ್ಕೆ ಇಟ್ಟಿದ್ದೇನೆ.

ತೆರೆದುಳಿದ ಟ್ರಾನ್ಸಾಕ್ಷನ್ನನ್ನು ಹಗುರವಾಗಿ ಕಾಣುವಂತಿಲ್ಲ. ಟ್ರಾನ್ಸಾಕ್ಷನ್ ಸಂಖ್ಯೆಗಳು 32 ಬಿಟ್‌ನವು, ಸುಮಾರು 429 ಕೋಟಿ. ಅವು ಸುತ್ತಿ ಬರುವುದರಿಂದ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ಹೇಳಲು ಅದರ ಅರ್ಧದಷ್ಟೇ ದೂರ ಸಿಗುತ್ತದೆ. ಹಳೆಯ ಸಾಲುಗಳಿಗೆ ‘ಇದು ಎಲ್ಲರಿಗೂ ಹಿಂದಿನದು’ ಎಂಬ ಮುದ್ರೆ ಒತ್ತುವುದೂ ವ್ಯಾಕ್ಯೂಮ್‌ನದೇ ಕೆಲಸ. ತೆರೆದ ಟ್ರಾನ್ಸಾಕ್ಷನ್ ಅದನ್ನೂ ತಡೆಯುತ್ತದೆ. ಮಿತಿ ತೀರಾ ಹತ್ತಿರವಾದರೆ ಡೇಟಾಬೇಸ್ ಹೊಸ ಬರಹಗಳನ್ನೇ ನಿರಾಕರಿಸುತ್ತದೆ. ಪ್ರತಿ ಡೇಟಾಬೇಸ್‌ನ ವಯಸ್ಸನ್ನು, ಎಂದರೆ ಆ ಮುದ್ರೆ ಬೀಳದ ಅತಿ ಹಳೆಯ ಸಂಖ್ಯೆಯಿಂದ ಎಷ್ಟು ಟ್ರಾನ್ಸಾಕ್ಷನ್‌ಗಳು ಕಳೆದಿವೆ ಎಂಬುದನ್ನು, ಬೆಳಿಗ್ಗೆಯ ಪರಿಶೀಲನೆಗೆ ಸೇರಿಸಿದೆ.

ಬಾಕಿ ಉಳಿದದ್ದು: ಖಾಲಿ ಸ್ಟ್ರಿಂಗ್. ಒರಾಕಲ್‌ಗೆ ಅದು ನಲ್ (ಮೌಲ್ಯವೇ ಇಲ್ಲ), ಪೋಸ್ಟ್‌ಗ್ರೆಸ್‌ಗೆ ಅಲ್ಲ. ನಲ್ ಜೊತೆ || ಚಿಹ್ನೆಯಿಂದ ಯಾವ ಸ್ಟ್ರಿಂಗ್ ಜೋಡಿಸಿದರೂ ಇಲ್ಲಿ ನಲ್ಲೇ. ಹೆಸರಿನ ಮೂರು ಭಾಗಗಳನ್ನು ಕೂಡಿಸುವ ವರದಿಗಳನ್ನೆಲ್ಲ ಒಂದೊಂದಾಗಿ ನೋಡಬೇಕು. ಮುಂದಿನ ವಾರ.

ಹೊರಡುವಾಗ ಆ ಹುಡುಗ ಕೇಳಿದ, “ಮೇಡಂ, ಅಂಡೂ ಎಂದು ಹೇಳುತ್ತಿದ್ದಿರಲ್ಲ, ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ? ನಾನು ನೋಡಿಯೇ ಇಲ್ಲ.” ಸೋಮವಾರ ಹತ್ತು ಗಂಟೆಗೆ ಬಿಳಿ ಹಲಗೆಯ ಮುಂದೆ ಕೂರೋಣ ಎಂದಿದ್ದೇನೆ. ಹೊಸ ನೋಟ್‌ಬುಕ್‌ನ ಎರಡನೆಯ ಪುಟದಲ್ಲಿ ಅದರ ಚಿತ್ರ ಬರೆಯುತ್ತಿದ್ದೇನೆ. ಎಡಕ್ಕೆ 8 ಕಿಲೋಬೈಟಿನ ಒಂದು ಬ್ಲಾಕ್, ಬಲಕ್ಕೆ ಅಂಡೂ, ನಡುವೆ ಹಿಂದಿನ ರೂಪದತ್ತ ಹೋಗುವ ಬಾಣ. ಅದರ ಕೆಳಗೆ ಪೋಸ್ಟ್‌ಗ್ರೆಸ್‌ನ ಬ್ಲಾಕನ್ನೂ ಅಷ್ಟೇ ದೊಡ್ಡದಾಗಿ ಬರೆಯಲು ಜಾಗ ಬಿಟ್ಟಿದ್ದೇನೆ, ಅದನ್ನು ಅವನೇ ತುಂಬಲಿ.