ಬ್ಯಾಂಕಿನ ಚೆಕ್ಕಿನಿಂದ ಪರ್ಷಿಯಾದ ಶಾಹ್‌ವರೆಗೆ

ಚೆಕ್ ಡ್ಯಾಮ್, ಚೆಕ್ ಪೋಸ್ಟ್, ಚೆಕ್ಸ್ ಅಂಗಿ, ಆಸ್ಪತ್ರೆಯ ಚೆಕಪ್, ಬ್ಯಾಂಕಿನ ಚೆಕ್. ಇಷ್ಟೂ ಕಡೆ ಇರುವುದು ಒಂದೇ ಇಂಗ್ಲಿಷ್ ಪದ. ನಾನು ಬ್ಯಾಂಕಿನ ಕ್ಲಿಯರಿಂಗ್ ವಿಭಾಗದಲ್ಲಿದ್ದು ನಿವೃತ್ತಳಾದವಳು. ಬೆಳಗಿನಿಂದ ಸಂಜೆವರೆಗೆ ಚೆಕ್‌ಗಳನ್ನು ಚೆಕ್ ಮಾಡುವುದೇ ನನ್ನ ಕೆಲಸ. ಈ ಎರಡಕ್ಕೂ ಏನಾದರೂ ಸಂಬಂಧ ಇದೆಯಾ ಅಂತ ಕೂತು ಹುಡುಕಿದ್ದು ಮಾತ್ರ ನಿವೃತ್ತಿಯಾದ ಮೇಲೆ. ಸಂಬಂಧ ಇದೆ. ಅದರ ಜಾಡು ಹಿಡಿದು ಹೋದರೆ ಚದುರಂಗದ ಮಣೆಯ ಮುಂದೆ ಹೋಗಿ ನಿಲ್ಲುತ್ತೇವೆ.

ಚದುರಂಗ ಹುಟ್ಟಿದ್ದು ಭಾರತದಲ್ಲಿ. ಪರ್ಷಿಯಾಕ್ಕೆ ಹೋದಾಗ ಚತ್ರಂಗ್ ಆಯಿತು, ಅರಬರ ಬಾಯಲ್ಲಿ ಶತ್ರಂಜ್ ಆಯಿತು. ಪರ್ಷಿಯನ್ ಭಾಷೆಯಲ್ಲಿ ರಾಜನಿಗೆ ಶಾಹ್ ಅನ್ನುತ್ತಾರೆ. ಎದುರಾಳಿಯ ರಾಜ ಅಪಾಯಕ್ಕೆ ಸಿಕ್ಕಾಗ 'ಶಾಹ್!' ಎಂದು ಎಚ್ಚರಿಸುವುದು ಆಟದ ರೂಢಿ. 'ರಾಜನನ್ನು ನೋಡಿಕೋ' ಅಂದ ಹಾಗೆ. ಈ ಕೂಗು ಅರಬರ ಮೂಲಕ ಯುರೋಪಿಗೆ ದಾಟಿತು. ಕೊನೆಯ ಹಕಾರ ಅಲ್ಲಿ ಕಕಾರವಾಯಿತು. ಲ್ಯಾಟಿನ್‌ನಲ್ಲಿ ಸ್ಕ್ಯಾಕಸ್, ಹಳೆಯ ಫ್ರೆಂಚ್‌ನಲ್ಲಿ ಎಸ್ಚೆಕ್. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದೆ ಅವರ ರಾಶಿ ರಾಶಿ ಪದಗಳು ಇಂಗ್ಲಿಷಿಗೆ ಸೇರುವಾಗ ಇದೂ ಸೇರಿತು, ಪದದ ಮೊದಲಿನ 'ಎಸ್' ಸವೆದು ಬರೀ ಚೆಕ್ ಉಳಿಯಿತು. ಅದರ ಬಹುವಚನವೇ ಚೆಸ್. ಅಂದರೆ ಆಟದ ಹೆಸರಿಗೇ 'ರಾಜರು' ಅಂತ ಅರ್ಥ!

'ಶಾಹ್ ಮಾತ್' ಎನ್ನುವುದು ಚೆಕ್‌ಮೇಟ್ ಆಯಿತು. ರಾಜ ಸತ್ತ ಅಂತ ಇದಕ್ಕೆ ಅರ್ಥ ಹೇಳುವವರು ಜಾಸ್ತಿ. ಪರ್ಷಿಯನ್‌ನಲ್ಲಿ ಮಾತ್ ಅಂದರೆ ದಿಕ್ಕು ತೋಚದೆ ನಿಂತವನು ಎಂಬ ಅರ್ಥವೂ ಇದೆ. ನನಗೆ ಇದೇ ಸರಿ ಅನ್ನಿಸುತ್ತದೆ. ಚದುರಂಗದಲ್ಲಿ ರಾಜನನ್ನು ಯಾರೂ ಹೊಡೆಯುವುದಿಲ್ಲ, ಎತ್ತಲೂ ಹೋಗದ ಹಾಗೆ ಕಟ್ಟಿಹಾಕುತ್ತಾರೆ ಅಷ್ಟೇ ಅಲ್ವಾ?

ಇನ್ನೂ ಹಿಂದಕ್ಕೆ ಹೋಗಬಹುದು. ಶಾಹ್ ಎಂಬುದರ ಹಳೆಯ ರೂಪ 'ಖ್ಷಾಯಥಿಯ'. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ದೊರೆ ಡೇರಿಯಸ್ ಕೆತ್ತಿಸಿದ ಶಾಸನದಲ್ಲಿ ಅವನು ತನ್ನನ್ನು ಕರೆದುಕೊಂಡಿರುವುದು ಹೀಗೇ. ಆಳು ಎಂಬ ಅರ್ಥದ ಆ ಬೇರು ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಪದಗಳಿಗೂ ನೆಂಟ. ಇದನ್ನು ಓದಿದ ದಿನ ನನಗೆ ಖುಷಿ ತಡೆಯಲಾಗಲಿಲ್ಲ. ಬ್ಯಾಂಕಿನ ಚೆಕ್ಕಿಗೂ ಕ್ಷತ್ರಿಯನಿಗೂ ನೆಂಟಸ್ತಿಕೆ ಇದೆ ಅಂತ ಕಂಡವರಿಗೆಲ್ಲ ಫೋನ್ ಮಾಡಿ ಹೇಳಿದೆ.

ಸರಿ, ರಾಜನಿಂದ ಚೆಕ್ ಡ್ಯಾಮ್‌ಗೆ ಬಂದದ್ದು ಹೇಗೆ? ರಾಜನಿಗೆ ಚೆಕ್ ಬಿದ್ದರೆ ಆಟಗಾರ ತನ್ನ ಯೋಜನೆಯನ್ನೆಲ್ಲ ಅಲ್ಲೇ ಬಿಟ್ಟು ಮೊದಲು ಅದನ್ನು ನೋಡಬೇಕು. ಆಟ ಗಕ್ಕನೆ ನಿಲ್ಲುತ್ತದೆ. ಹಾಗಾಗಿ ಚೆಕ್ ಅಂದರೆ ತಡೆ ಎಂಬ ಅರ್ಥ ಬಂತು. ನಮ್ಮ ಬಯಲುಸೀಮೆಯ ಹಳ್ಳಗಳಿಗೆ ಅಡ್ಡವಾಗಿ ಕಟ್ಟುವ ಚೆಕ್ ಡ್ಯಾಮ್‌ನಲ್ಲಿ ಇರುವುದು ಇದೇ ಚೆಕ್. ಅಲ್ಲಿ ಯಾರೂ ಏನನ್ನೂ ಪರೀಕ್ಷೆ ಮಾಡುವುದಿಲ್ಲ. ಓಡುವ ನೀರನ್ನು ತಡೆದು ನಿಲ್ಲಿಸುತ್ತಾರೆ, ಅದು ನಿಧಾನವಾಗಿ ಇಂಗುತ್ತದೆ, ಅಕ್ಕಪಕ್ಕದ ಬಾವಿ, ಬೋರ್‌ವೆಲ್‌ಗಳಿಗೆ ಜೀವ ಬರುತ್ತದೆ. ತಡೆದು ನಿಲ್ಲಿಸಿದ ಮೇಲೆ ಏನು ಮಾಡುತ್ತಾರೆ? ನೋಡುತ್ತಾರೆ. ತಡೆಯಿಂದ ತಪಾಸಣೆಗೆ ಒಂದೇ ಹೆಜ್ಜೆ. ಚೆಕ್ ಪೋಸ್ಟ್‌ನಲ್ಲಿ ಎರಡೂ ಅರ್ಥ ಒಟ್ಟಿಗೆ ಇವೆ. ಬಸ್ಸಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಹತ್ತಿ ಟಿಕೆಟ್ ಕೇಳುವ ಚೆಕಿಂಗ್‌ನವರೂ ಹಾಗೇ.

ನನಗೆ ತುಂಬಾ ಇಷ್ಟವಾದ ಭಾಗ ಈಗ ಬರುತ್ತದೆ. ಹನ್ನೆರಡನೇ ಶತಮಾನದ ಇಂಗ್ಲೆಂಡಿನಲ್ಲಿ ರಾಜನ ಖಜಾನೆಯ ಲೆಕ್ಕ ನೋಡಲು ಒಂದು ದೊಡ್ಡ ಮೇಜು ಇತ್ತು. ಹತ್ತು ಅಡಿ ಉದ್ದ, ಐದು ಅಡಿ ಅಗಲ. ಮೇಲಿಟ್ಟದ್ದು ಕೆಳಗೆ ಬೀಳದಿರಲಿ ಅಂತ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು. ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಅಡಿಗೊಂದು ಅಥವಾ ಗೇಣಿಗೊಂದು ಗೆರೆ. ಆ ಖಜಾನೆಯ ಅಧಿಕಾರಿಯೇ ಆಗಿದ್ದ ರಿಚರ್ಡ್ ಫಿಟ್ಸ್‌ನೀಲ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಗೆರೆಗಳ ನಡುವಿನ ಒಂದೊಂದು ಮನೆಗೂ ಒಂದೊಂದು ಬೆಲೆ: ಪೆನ್ನಿ, ಶಿಲ್ಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ. ರೋಮನ್ ಅಂಕಿಗಳಲ್ಲಿ ಕೂಡಿ ಕಳೆಯುವುದು ಕಷ್ಟ. ಬಿಲ್ಲೆಗಳನ್ನು ಮನೆಯಿಂದ ಮನೆಗೆ ಸರಿಸಿದರೆ ಲೆಕ್ಕ ಸುಲಭ. ಏನೂ ಇಲ್ಲದ ಕಡೆ ಮನೆ ಖಾಲಿ ಬಿಟ್ಟರಾಯಿತು, ಸೊನ್ನೆ ಬರೆಯುವ ಅಗತ್ಯವೇ ಇಲ್ಲ.

ನೋಡಲು ಚದುರಂಗದ ಹಾಸಿನಂತಿದ್ದ ಈ ಮೇಜಿನಿಂದ ಆ ಕಚೇರಿಗೇ 'ಎಕ್ಸ್‌ಚೆಕರ್' ಎಂಬ ಹೆಸರು ಬಂತು. ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ಇವತ್ತಿಗೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಅನ್ನುತ್ತಾರೆ. ಚದುರಂಗದಲ್ಲಿ ಇಬ್ಬರು ರಾಜರ ಯುದ್ಧವಾದರೆ ಇಲ್ಲಿ ಖಜಾಂಚಿಗೂ ಶೆರಿಫನಿಗೂ ಯುದ್ಧ ಎಂದು ಫಿಟ್ಸ್‌ನೀಲ್ ಹೋಲಿಸುತ್ತಾನೆ. ಶೆರಿಫ್ ಅಂದರೆ ಜಿಲ್ಲೆಯಿಂದ ಕಂದಾಯ ವಸೂಲಿ ಮಾಡಿ ತರುವವನು. ಅವನು ವರ್ಷಕ್ಕೆ ಎರಡು ಸಲ, ಈಸ್ಟರ್ ಹಬ್ಬಕ್ಕೆ ಮತ್ತು ಸೆಪ್ಟೆಂಬರ್ ಕೊನೆಯ ಮೈಕಲ್‌ಮಸ್ ಹಬ್ಬಕ್ಕೆ, ಈ ಮೇಜಿನ ಮುಂದೆ ಕೂರಬೇಕಿತ್ತು. ನಮ್ಮ ಬ್ಯಾಂಕುಗಳ ಮಾರ್ಚ್ ಮತ್ತು ಸೆಪ್ಟೆಂಬರ್ ಕ್ಲೋಸಿಂಗ್‌ನಲ್ಲಿ ರಾತ್ರಿಯವರೆಗೆ ಲೆಜರ್ ತಾಳೆ ನೋಡಿದವಳಿಗೆ ಆ ಶೆರಿಫನ ಮುಖ ಊಹಿಸುವುದು ಕಷ್ಟವೇನಲ್ಲ.

ಹಣ ಕಟ್ಟಿದ್ದಕ್ಕೆ ರಸೀದಿಯಾಗಿ ಹೇಜಲ್ ಮರದ ಕೋಲು ಕೊಡುತ್ತಿದ್ದರು. ಸಾವಿರ ಪೌಂಡಿಗೆ ಅಂಗೈ ದಪ್ಪದ ಕಚ್ಚು. ನೂರಕ್ಕೆ ಹೆಬ್ಬೆರಳಿನಷ್ಟು, ಇಪ್ಪತ್ತಕ್ಕೆ ಕಿರುಬೆರಳಿನಷ್ಟು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಆಮೇಲೆ ಕೋಲನ್ನು ಉದ್ದಕ್ಕೆ ಸೀಳಿ ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುವುದು. ಎರಡು ಹೋಳು ಸೇರಿಸಿದಾಗ ಕಚ್ಚುಗಳು ಕೂಡದಿದ್ದರೆ ಮೋಸ ಆಗಿದೆ ಅಂತಲೇ ಅರ್ಥ. ಈ ಪದ್ಧತಿ 1826ರವರೆಗೂ ನಡೆಯಿತು. 1834ರ ಅಕ್ಟೋಬರ್‌ನಲ್ಲಿ ಹಳೆಯ ಕೋಲುಗಳನ್ನೆಲ್ಲ ಒಲೆಗೆ ಹಾಕಿ ಸುಡುವಾಗ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡಕ್ಕೇ ಬೆಂಕಿ ಹತ್ತಿತು.

ಒಂದು ಹೋಳನ್ನು ಇನ್ನೊಂದರ ಜೊತೆ ತಾಳೆ ನೋಡುವ ಇದೇ ಉಪಾಯದಿಂದ ಬ್ಯಾಂಕಿನ ಚೆಕ್ಕಿಗೂ ಹೆಸರು ಬಂದಿದೆ. ಹದಿನೆಂಟನೇ ಶತಮಾನದ ಆರಂಭದಲ್ಲಿ ಚೆಕ್ ಅಂದರೆ, ಇಂಥವರಿಗೆ ಇಷ್ಟು ಹಣ ಕೊಡಿ ಎಂದು ಬರೆದುಕೊಡುವ ಹುಂಡಿಯಂಥ ಕಾಗದದ ಕೌಂಟರ್‌ಫಾಯಿಲ್, ಹರಿದು ಕೊಟ್ಟ ಮೇಲೆ ಉಳಿಯುವ ತುಂಡು. ಖೋಟಾ ಕಾಗದ ಬಂದರೆ ಹಿಡಿಯಲು, ಅಂದರೆ ತಡೆಯಲು ಅದು ಬೇಕಿತ್ತು. ಬರಬರುತ್ತಾ ಹೆಸರು ಕೌಂಟರ್‌ಫಾಯಿಲ್‌ನಿಂದ ಮೂಲ ಕಾಗದಕ್ಕೇ ಜಾರಿತು. ಎಕ್ಸ್‌ಚೆಕರ್ ನೆನಪಿಗೆ ಬಂದು ಬ್ರಿಟಿಷರು ಸ್ಪೆಲಿಂಗ್‌ನಲ್ಲಿ ಒಂದು ಕ್ಯೂ ಸೇರಿಸಿದರು. 1881ರ ನಮ್ಮ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೂ ಅದೇ ಸ್ಪೆಲಿಂಗ್. ಅಮೆರಿಕದವರು ಹಳೆಯದನ್ನೇ ಉಳಿಸಿಕೊಂಡರು, ಹೋಟೆಲ್ ಬಿಲ್ಲಿಗೂ ಚೆಕ್ ಅಂದುಬಿಟ್ಟರು.

ಚೆಕ್ ಕೈಗೆ ಬಂದರೆ ನಾನು ಮೊದಲು ಬೆಳಕಿಗೆ ಹಿಡಿಯುತ್ತಿದ್ದೆ. ಕಾಗದದ ಒಳಗೆ 'ಸಿಟಿಎಸ್ ಇಂಡಿಯಾ' ಎಂಬ ವಾಟರ್‌ಮಾರ್ಕ್ ಕಾಣಬೇಕು. ಅಲ್ಟ್ರಾ ವಯಲೆಟ್ ದೀಪದ ಕೆಳಗೆ ಇಟ್ಟರೆ ಬ್ಯಾಂಕಿನ ಲೋಗೋ ಹೊಳೆಯಬೇಕು. ಆಮೇಲೆ ದಿನಾಂಕ. 2012ರ ಏಪ್ರಿಲ್ 1ರಿಂದ ಆರು ತಿಂಗಳ ಬದಲು ಮೂರೇ ತಿಂಗಳ ಅವಧಿ ಆಯಿತು, ಎಷ್ಟೋ ಹಿರಿಯರ ಚೆಕ್ ಸುಮ್ನೆ ವಾಪಸ್ ಹೋಗುತ್ತಿತ್ತು. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇರಬೇಕು. ಕೊನೆಗೆ ಸಹಿಯನ್ನು ಮಾದರಿ ಸಹಿಯ ಜೊತೆ ತಾಳೆ ನೋಡುವುದು. ಕೈ ನಡುಗುವ ವಯಸ್ಸಿನವರ ಸಹಿ ನೋಡುವಾಗ ನಾನು ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಿದ್ದೆ. ಅವಸರದಲ್ಲಿ 'ಸಹಿ ಹೊಂದುವುದಿಲ್ಲ' ಅಂತ ಬರೆದು ಕಳಿಸಿದರೆ ಅವರ ಆ ತಿಂಗಳ ಮನೆಖರ್ಚೇ ನಿಂತುಹೋಗಬಹುದಿತ್ತು.

ಚೆಕ್ಸ್ ಅಂಗಿಯ ಕತೆ ಚಿಕ್ಕದು. ಚದುರಂಗದ ಮಣೆಯಂಥ ಚೌಕಳಿ, ಹಾಗಾಗಿ ಚೆಕ್ಸ್. ಚೈನೀಸ್ ಚೆಕ್ಕರ್ ಆಟದ ಹೆಸರಲ್ಲೂ ಇದೇ ಚೆಕ್ ಇದೆ, ಆಟ ಮಾತ್ರ ಚೀನಾದ್ದಲ್ಲ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಆ ಹೆಸರು ಪಡೆದದ್ದು.

ಇಷ್ಟೆಲ್ಲ ಅರ್ಥ ಹೆತ್ತ ಮೂಲ ಕೂಗು ಮಾತ್ರ ಈಗ ಪಂದ್ಯಗಳಲ್ಲಿ ಕೇಳಿಸುವುದಿಲ್ಲ. ಚೆಕ್ ಕೊಟ್ಟಾಗ ಬಾಯಿಬಿಟ್ಟು ಹೇಳಬೇಕೆಂಬ ನಿಯಮ ಚೆಸ್‌ನಲ್ಲಿ ಈಗ ಇಲ್ಲ. ನನ್ನ ಮೊಮ್ಮಗಳು ಕೋಚಿಂಗ್‌ಗೆ ಹೋಗುತ್ತಾಳೆ, ಸದ್ದಿಲ್ಲದೆ ಕುದುರೆ ಎತ್ತಿಟ್ಟು ಗಡಿಯಾರ ಒತ್ತಿಬಿಡುತ್ತಾಳೆ. 'ಅಜ್ಜಿ, ಹೇಳಬೇಕಾಗಿಲ್ಲ' ಅನ್ನುತ್ತಾಳೆ. ಪಂದ್ಯದಲ್ಲಿ ಬೇಡಮ್ಮ, ಮನೆಯಲ್ಲಿ ನನ್ನ ಜೊತೆ ಆಡುವಾಗ ಹೇಳಲೇಬೇಕು ಅಂತ ನಾನು ಹಟ ಹಿಡಿದಿದ್ದೇನೆ.