ನೀರು ಬೆರೆತಾಗ

ಇಂದು ಪ್ರಯೋಗಾಲಯದಲ್ಲಿ ಅಸಿಟಿಕ್ ಆಮ್ಲದ ವಾಹಕತೆ ಅಳೆದೆವು. ವಿನೆಗರಿಗೆ ಹುಳಿ ಕೊಡುವ ಆಮ್ಲವೇ ಇದು. ನೀರಿಲ್ಲದ ಶುದ್ಧ ಆಮ್ಲದಲ್ಲಿ ಮೀಟರಿನ ಅಂಕಿ ಸೊನ್ನೆಯ ಬಳಿಯೇ ನಿಂತಿತು. ಮೂಗು ಸುಡುವಷ್ಟು ಘಾಟು, ಆದರೂ ಕರೆಂಟು ಹರಿಯದು. ಪಿಪೆಟ್ಟಿನಿಂದ ನೀರು ಬಿಟ್ಟಂತೆ ಅಂಕಿ ಏರತೊಡಗಿತು.

ಲೀಟರಿಗೆ 0.1 ಮೋಲ್ (ಅಣುಗಳ ಲೆಕ್ಕದ ಅಳತೆ) ಆಮ್ಲ ಇದ್ದಾಗ ನೂರರಲ್ಲಿ ಒಂದೋ ಎರಡೋ ಅಣು ಮಾತ್ರ ಅಯಾನುಗಳಾಗಿ, ಅಂದರೆ ಕರೆಂಟು ಒಯ್ಯುವ ವಿದ್ಯುದಾವೇಶದ ಕಣಗಳಾಗಿ, ಒಡೆಯುತ್ತವೆ. ನೂರು ಪಟ್ಟು ತೆಳುವಾಗಿಸಿದರೆ ನೂರರಲ್ಲಿ ಸುಮಾರು 12. 1888ರಲ್ಲಿ ರಸಾಯನ ವಿಜ್ಞಾನಿ ಆಸ್ಟ್‌ವಾಲ್ಡ್ ಇದನ್ನು ಸಮೀಕರಣದಲ್ಲಿ ಹಿಡಿದಿಟ್ಟರು. ಎಷ್ಟು ವರ್ಷ ಪಾಠ ಮಾಡಿದರೂ, ಬರೀ ನೀರು ಸೇರಿದ್ದಕ್ಕೆ ಅಂಕಿ ಏರುವುದನ್ನು ಕಂಡಾಗ ಮೈ ನವಿರೇಳುತ್ತದೆ.

“ಇನ್ನೊಮ್ಮೆ ನೋಡೋಣವೇ ಸರ್?” ಎಂದಳು ಹಿಂದಿನ ಸಾಲಿನ ಹುಡುಗಿ. ಬೆಲ್ ಹೊಡೆದಾಗಿತ್ತು. ಬೀಕರ್ ತೊಳೆದು ಮತ್ತೆ ಶುರು ಮಾಡಿದೆವು.